ವಿಕಿಪೀಡಿಯ ಸಂಪಾದಕರು

ವಿಕಿಪೀಡಿಯ ಎಂಬ ಮುಕ್ತ ಅಂತರಜಾಲ ವಿಶ್ವಕೋಶದ ಲೇಖನಗಳನ್ನು ಸಂಭಾವನೆಯಿಲ್ಲದೆ ಬರೆಯುವ, ತಿದ್ದುವ, ಕಾಯುವ ಸ್ವಯಂಸೇವಕರಿಗೆ ಸಂಪಾದಕರೆಂದು ಹೆಸರು. ಅಚ್ಚಿನ ವಿಶ್ವಕೋಶದ ಸಂಪಾದಕ ವಿದ್ವಾಂಸರಿಂದ ಲೇಖನ ತರಿಸಿಕೊಂಡು, ಪರಿಷ್ಕರಿಸಿ, ಮುದ್ರಣಕ್ಕೆ ಒಪ್ಪಿಸುವ ಅಧಿಕಾರಿ. ವಿಕಿಪೀಡಿಯದಲ್ಲಿ ಅಂಥ ಅಧಿಕಾರ ಯಾರೊಬ್ಬರಿಗೂ ಇಲ್ಲ. ಒಂದು ಕಾಗುಣಿತ ಸರಿಪಡಿಸಿದ ವಿದ್ಯಾರ್ಥಿಯೂ ನೂರಾರು ಲೇಖನ ಬರೆದ ಪ್ರಾಧ್ಯಾಪಕರೂ ಅಲ್ಲಿ ಸಂಪಾದಕರೇ. ಇಬ್ಬರ ಮಾತಿಗೂ ಬೆಲೆ ಬರುವುದು ಅವರು ತೋರಿಸುವ ಆಧಾರದಿಂದ. 300ಕ್ಕೂ ಹೆಚ್ಚು ಭಾಷೆಗಳಲ್ಲಿ ಈ ವಿಶ್ವಕೋಶ ನಡೆಯುತ್ತಿದೆ. ಸರ್ವರು, ತಂತ್ರಾಂಶ, ಕಾನೂನು ವ್ಯವಹಾರಗಳನ್ನು ಅಮೆರಿಕದ ವಿಕಿಮೀಡಿಯ ಫೌಂಡೇಶನ್ ನೋಡಿಕೊಳ್ಳುತ್ತದೆ. 2003ರಲ್ಲಿ ಸ್ಥಾಪನೆಯಾದ ಈ ಲಾಭರಹಿತ ಸಂಸ್ಥೆ ಲೇಖನದಲ್ಲಿ ಏನಿರಬೇಕೆಂದು ಹೇಳುವುದಿಲ್ಲ. ಅದು ಸಂಪಾದಕರ ಪಾಲಿನ ಕೆಲಸ.

ಹಿನ್ನೆಲೆ

ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶದ ಯೋಚನೆ ಒಂದು ಸೋಲಿನಿಂದ ಹುಟ್ಟಿತು. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ 2000ದಲ್ಲಿ ಆರಂಭಿಸಿದ ನುಪೀಡಿಯ ಎಂಬ ಅಂತರಜಾಲ ವಿಶ್ವಕೋಶದಲ್ಲಿ ತಜ್ಞರೇ ಬರೆಯಬೇಕಿತ್ತು. ಪ್ರತಿ ಲೇಖನವೂ ಏಳು ಹಂತಗಳ ಪರಿಶೀಲನೆ ದಾಟಬೇಕಿತ್ತು. ಅದು ಮುಚ್ಚಿಹೋಗುವ ಹೊತ್ತಿಗೆ ಪೂರ್ಣಗೊಂಡ ಲೇಖನಗಳು ಮೂವತ್ತನ್ನೂ ಮುಟ್ಟಿರಲಿಲ್ಲ. ಓದುಗರೇ ಪುಟವನ್ನು ತಿದ್ದಬಹುದಾದ ವಿಕಿ ತಂತ್ರಾಂಶವನ್ನು ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲೇ ಬಳಕೆಗೆ ತಂದಿದ್ದರು. ನುಪೀಡಿಯಕ್ಕೆ ಕರಡು ಒದಗಿಸಲೆಂದು ಅದೇ ತಂತ್ರದಲ್ಲಿ 2001ರ ಜನವರಿ 15ರಂದು ತೆರೆದ ವಿಕಿಪೀಡಿಯ ಮೊದಲ ವರ್ಷದಲ್ಲೇ ಸುಮಾರು 20,000 ಲೇಖನಗಳಿಗೆ ಬೆಳೆದು ಮೂಲ ಯೋಜನೆಯನ್ನೇ ನುಂಗಿಬಿಟ್ಟಿತು.

ಕನ್ನಡದಲ್ಲಿ ವಿಶ್ವಕೋಶ ರಚನೆಗೆ ಇದಕ್ಕಿಂತ ಹಳೆಯ ಚರಿತ್ರೆಯಿದೆ. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಒಬ್ಬರೇ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ನೂರಾರು ವಿದ್ವಾಂಸರ ನೆರವಿನಿಂದ, ದಶಕಗಳ ದುಡಿಮೆಯಲ್ಲಿ 14 ಸಂಪುಟಗಳನ್ನು ಮುಟ್ಟಿತು. ಮೂರೂ ಬೇರೆ ಬೇರೆ ಮಾದರಿಯವು: ಒಬ್ಬ ಲೇಖಕನದು, ಒಂದು ಸಂಪಾದಕ ಬಳಗದ್ದು, ಒಂದು ವಿಶ್ವವಿದ್ಯಾನಿಲಯದ್ದು. 2003ರ ಜೂನ್‌ನಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಾಲ್ಕನೆಯ ಮಾದರಿ.

ಆರಂಭದ ವರ್ಷಗಳಲ್ಲಿ ತೊಡಕಾಗಿದ್ದು ಅಕ್ಷರ. ಆಗ ಗಣಕದಲ್ಲಿದ್ದ ಕನ್ನಡ ಬರಹ ಬಹುಪಾಲು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿತ್ತು. ವಿಕಿಪೀಡಿಯಕ್ಕೆ ಯೂನಿಕೋಡ್ ಬೇಕಿತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಅಕ್ಷರಶೈಲಿ ಬಂದಿದ್ದರೂ ಒತ್ತಕ್ಷರಗಳು ಎಷ್ಟೋ ಗಣಕಗಳಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಹೀಗಾಗಿ ಮೊದಲ ತಲೆಮಾರಿನ ಕನ್ನಡ ಸಂಪಾದಕರಲ್ಲಿ ಸಾಹಿತಿಗಳಿಗಿಂತ ತಂತ್ರಾಂಶ ಬಲ್ಲವರೇ ಹೆಚ್ಚು. ಈಗ ಕೀಲಿಮಣೆಯ ಸೌಲಭ್ಯ ವಿಕಿಯೊಳಗೇ ಇದೆ, ಮೊಬೈಲಿನಲ್ಲಿ ಕನ್ನಡ ಟೈಪಿಸುವುದು ಎಷ್ಟೋ ಜನರಿಗೆ ಬರುತ್ತದೆ. ಆದರೂ ಬರೆಯುವವರ ಸಂಖ್ಯೆ ಅದೇ ಪ್ರಮಾಣದಲ್ಲಿ ಏರಲಿಲ್ಲ ಎಂಬುದನ್ನು ನೋಡಿದರೆ, ಅಡ್ಡಿ ಅಕ್ಷರವೊಂದೇ ಆಗಿರಲಿಲ್ಲ ಎನ್ನಬೇಕಾಗುತ್ತದೆ.

ಕೆಲಸದ ಬಗೆ

ಸಂಪಾದಕನಾಗಲು ಅರ್ಜಿ, ಅರ್ಹತೆ, ಪರೀಕ್ಷೆ ಯಾವುದೂ ಇಲ್ಲ. ಪುಟದ ಮೇಲಿರುವ ‘ಸಂಪಾದಿಸಿ’ ಗುಂಡಿ ಒತ್ತಿ, ಬದಲಾಯಿಸಿ, ಏನು ಬದಲಾಯಿಸಿದೆ ಎಂದು ಒಂದು ಸಾಲಿನ ಸಾರಾಂಶ ಬರೆದು ಪ್ರಕಟಿಸಿದರೆ ಆಯಿತು. ಬದಲಾವಣೆ ಆ ಕ್ಷಣವೇ ಓದುಗರಿಗೆ ಕಾಣುತ್ತದೆ. ಖಾತೆ ತೆರೆಯದೆಯೂ ಹೆಚ್ಚಿನ ಪುಟಗಳನ್ನು ತಿದ್ದಬಹುದು. ಖಾತೆಯಿದ್ದರೆ ಸದಸ್ಯ ಪುಟ, ಅಭ್ಯಾಸಕ್ಕೆ ಪ್ರಯೋಗಪುಟ, ಬೇಕಾದ ಲೇಖನಗಳ ಮೇಲೆ ಕಣ್ಣಿಡಲು ವೀಕ್ಷಣಾಪಟ್ಟಿ ದೊರೆಯುತ್ತವೆ. ಇಷ್ಟು ಸಡಿಲವಾಗಿ ಬಿಟ್ಟೂ ವ್ಯವಸ್ಥೆ ಕುಸಿಯದಿರಲು ಪ್ರತಿ ಲೇಖನದ ಹಿಂದಿರುವ ‘ಇತಿಹಾಸ’ ಪುಟ ಮುಖ್ಯ ಕಾರಣ. ಯಾರು, ಯಾವಾಗ, ಯಾವ ಅಕ್ಷರ ಬದಲಿಸಿದರು ಎಂಬುದು ಅಲ್ಲಿ ಅಳಿಯದೆ ಉಳಿಯುತ್ತದೆ. ಕೆಡಿಸಿದ್ದನ್ನು ಹಿಂದಿನ ರೂಪಕ್ಕೆ ಮರಳಿಸಲು ಕೆಡಿಸಿದಷ್ಟು ಹೊತ್ತೂ ಬೇಕಿಲ್ಲ.

ಹೊಸಬರು ಸಾಮಾನ್ಯವಾಗಿ ಹೊಸ ಲೇಖನ ಬರೆಯುವುದನ್ನೇ ಸಂಪಾದನೆ ಎಂದುಕೊಂಡಿರುತ್ತಾರೆ. ನಿಜವಾಗಿ ಅದು ಕೆಲಸದ ಸಣ್ಣ ಭಾಗ. ಬರೆದಿಟ್ಟ ಲೇಖನಕ್ಕೆ ಆಧಾರ ಹುಡುಕಿ ಸೇರಿಸುವುದು, ಸತ್ತ ಕೊಂಡಿಗಳಿಗೆ ಬದಲಿ ಒದಗಿಸುವುದು, ಜನಗಣತಿಯ ಅಂಕಿಗಳನ್ನು ಹೊಸದಾಗಿಸುವುದು, ಒಂದೇ ವಿಷಯದ ಎರಡು ಲೇಖನಗಳನ್ನು ವಿಲೀನಗೊಳಿಸುವುದು, ವರ್ಗಗಳಿಗೆ ಸೇರಿಸುವುದು, ‘ಇತ್ತೀಚೆಗಿನ ಬದಲಾವಣೆಗಳು’ ಪುಟ ತೆರೆದು ಕಿಡಿಗೇಡಿತನವನ್ನು ಅಳಿಸುವುದು ದಿನನಿತ್ಯದ ದುಡಿಮೆ. ಹಳೆ ಮನೆಯ ಹೆಂಚು ಕೈಯಾಡಿಸುವ ಕೆಲಸದಂತೆ ಇದು ಮಾಡಿದಾಗ ಯಾರಿಗೂ ಕಾಣುವುದಿಲ್ಲ, ಬಿಟ್ಟಾಗ ಎಲ್ಲರಿಗೂ ಕಾಣುತ್ತದೆ.

ಕನ್ನಡಕ್ಕೇ ಮೀಸಲಾದ ಕೆಲವು ಚಾಕರಿಗಳೂ ಇವೆ. ‘ರಾಜ್‌ಕುಮಾರ್’ ಎಂದು ಟೈಪಿಸುವಾಗ ಜ-ಕಾರದ ನಂತರ ಕಣ್ಣಿಗೆ ಕಾಣದ ಬಿಡಿಸುವ ಸಂಕೇತವೊಂದು ಇರುತ್ತದೆ. ಅದನ್ನು ಬಿಟ್ಟರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ. ತಂತ್ರಾಂಶದ ಲೆಕ್ಕದಲ್ಲಿ ಅದು ಬೇರೆಯೇ ಹೆಸರು. ಇಂಥ ಕಡೆ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಪುನರ್ನಿರ್ದೇಶನ ಮಾಡದಿದ್ದರೆ ಓದುಗನಿಗೆ ಇದ್ದ ಲೇಖನವೇ ಸಿಗುವುದಿಲ್ಲ. ಅಲ್ಪಪ್ರಾಣ, ಮಹಾಪ್ರಾಣ, ಅರ್ಕಾವತ್ತು, ಪರಭಾಷೆಯ ಹೆಸರುಗಳ ನಾನಾ ಕಾಗುಣಿತಗಳು ಈ ತಲೆನೋವನ್ನು ಹೆಚ್ಚಿಸುತ್ತವೆ.

ಸಂಪಾದಕರ ನಡುವಿನ ಮಾತುಕತೆಗೆ ಪ್ರತಿ ಲೇಖನದ ಬೆನ್ನಿಗೆ ಚರ್ಚೆಪುಟವಿದೆ. ಇಡೀ ಸಮುದಾಯಕ್ಕೆ ಸಂಬಂಧಿಸಿದ ವಿಷಯಗಳಿಗೆ ‘ಅರಳಿ ಕಟ್ಟೆ’ ಎಂಬ ಪುಟವಿದೆ. ಲೇಖನ ಅಳಿಸುವ, ಪುಟಕ್ಕೆ ರಕ್ಷಣೆ ಕೊಡುವ, ಕಿಡಿಗೇಡಿ ಖಾತೆಗಳನ್ನು ತಡೆಯುವ ಅಧಿಕಾರ ‘ನಿರ್ವಾಹಕ’ರದು. ಅವರೂ ಸ್ವಯಂಸೇವಕರೇ, ಸಮುದಾಯದ ಚರ್ಚೆಯ ಮೂಲಕ ಆಯ್ಕೆಯಾದವರು. ಲೇಖನದ ಒಳವಸ್ತುವಿನ ವಿಷಯದಲ್ಲಿ ಅವರ ಮಾತಿಗೆ ಹೆಚ್ಚಿನ ತೂಕವಿಲ್ಲ ಎಂಬ ನಿಯಮವಿದ್ದರೂ ಸಣ್ಣ ಸಮುದಾಯಗಳಲ್ಲಿ ಅದನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ.

ನಿಯಮಗಳು

ತಟಸ್ಥ ದೃಷ್ಟಿಕೋನ, ಪರಿಶೀಲಿಸಬಹುದಾದ ಆಧಾರ, ಸ್ವಂತ ಸಂಶೋಧನೆಗೆ ನಿಷೇಧ ಈ ಮೂರೂ ವಿಷಯವಸ್ತುವಿನ ಮೂಲ ನಿಯಮಗಳು. ಮೂರನೆಯದು ವಿದ್ವಾಂಸರಿಗೆ ಹೆಚ್ಚು ಕಸಿವಿಸಿ ತರುತ್ತದೆ. ಶಾಸನವೊಂದನ್ನು ತಾನೇ ಓದಿ ಹೊಸ ಅರ್ಥ ಕಂಡುಕೊಂಡ ಸಂಶೋಧಕ ಅದನ್ನು ಮೊದಲು ಪತ್ರಿಕೆಯಲ್ಲೋ ಪುಸ್ತಕದಲ್ಲೋ ಪ್ರಕಟಿಸಬೇಕು. ವಿಕಿಪೀಡಿಯ ಆಮೇಲೆ ಅದನ್ನು ಉಲ್ಲೇಖಿಸುತ್ತದೆ. ತಿಳಿದವರು ಹೇಳಿದ್ದಾರೆ ಎನ್ನುವುದು ಇಲ್ಲಿ ಸಾಲದು, ಎಲ್ಲಿ ಹೇಳಿದ್ದಾರೆ ಎಂಬುದೂ ಬೇಕು. ಒಂದು ವ್ಯಕ್ತಿ ಅಥವಾ ಸಂಸ್ಥೆಯ ಬಗ್ಗೆ ಲೇಖನ ಇರಬೇಕೆ ಎಂಬುದನ್ನು ‘ಗಮನಾರ್ಹತೆ’ಯ ಅಳತೆ ನಿರ್ಧರಿಸುತ್ತದೆ: ಅವರಿಗೆ ಸಂಬಂಧವಿಲ್ಲದ ಮೂಲಗಳು ಅವರ ಬಗ್ಗೆ ವಿವರವಾಗಿ ಬರೆದಿರಬೇಕು. ತನ್ನ ಬಗ್ಗೆ ತಾನೇ ಬರೆದುಕೊಳ್ಳುವುದನ್ನು ಸಮುದಾಯ ಸಹಿಸುವುದಿಲ್ಲ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಬೇಕೆಂದು 2014ರಿಂದ ಬಳಕೆಯ ಷರತ್ತಿನಲ್ಲೇ ಇದೆ. ಆದರೂ 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಗುಟ್ಟಾಗಿ ಹಣಕ್ಕೆ ಬರೆಯುತ್ತಿದ್ದ ಒಂದೇ ಜಾಲಕ್ಕೆ ಸೇರಿದ 381 ಖಾತೆಗಳನ್ನು ಮುಚ್ಚಬೇಕಾಯಿತು.

ಬದುಕಿರುವವರ ಕುರಿತ ಲೇಖನಗಳಿಗೆ ನಿಯಮ ಇನ್ನೂ ಬಿಗಿ. ಅದಕ್ಕೆ ಕಾರಣವಾದದ್ದು 2005ರ ಒಂದು ಪ್ರಕರಣ: ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆನ್‌ಥಾಲರ್ ಅವರಿಗೆ ಕೆನಡಿ ಸೋದರರ ಹತ್ಯೆಯೊಂದಿಗೆ ನಂಟು ಕಲ್ಪಿಸಿದ ಸುಳ್ಳು ಬರಹ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಅದೇ ವರ್ಷದ ಡಿಸೆಂಬರಿನಿಂದ ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆಯಿಲ್ಲದವರು ಹೊಸ ಲೇಖನ ಆರಂಭಿಸುವಂತಿಲ್ಲ. ಕಾಕತಾಳೀಯವೆಂಬಂತೆ ಅದೇ ತಿಂಗಳು ‘ನೇಚರ್’ ಪತ್ರಿಕೆ 42 ವಿಜ್ಞಾನ ಲೇಖನಗಳನ್ನು ತಜ್ಞರಿಗೆ ಒಪ್ಪಿಸಿ ಹೋಲಿಸಿತು. ಲೇಖನಕ್ಕೆ ಸರಾಸರಿ ವಿಕಿಪೀಡಿಯದಲ್ಲಿ ನಾಲ್ಕು, ಬ್ರಿಟಾನಿಕದಲ್ಲಿ ಮೂರು ತಪ್ಪುಗಳು ಕಂಡವು. ಬ್ರಿಟಾನಿಕ ಈ ಹೋಲಿಕೆಯ ವಿಧಾನವನ್ನೇ ಪ್ರಶ್ನಿಸಿತು. ಎರಡೂ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು: ಹೆಚ್ಚು ಜನ ಓದುವ ಪುಟದಲ್ಲಿ ತಪ್ಪು ಬೇಗ ಸಿಕ್ಕಿಬೀಳುತ್ತದೆ, ಯಾರೂ ತೆರೆಯದ ಪುಟದಲ್ಲಿ ಅದು ಆರಾಮವಾಗಿ ಕೂತಿರುತ್ತದೆ. ಕನ್ನಡ ವಿಕಿಪೀಡಿಯದ ಬಹುಪಾಲು ಪುಟಗಳು ಎರಡನೆಯ ಗುಂಪಿನವು.

ಹಕ್ಕುಸ್ವಾಮ್ಯದ ನಿಯಮ ಹೊಸಬರನ್ನು ಹೆಚ್ಚು ಎಡವಿಸುತ್ತದೆ. ಸಂಪಾದಕ ಬರೆದದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಪ್ರಕಟವಾಗುತ್ತದೆ. ಮೂಲವನ್ನು ಹೆಸರಿಸಿ, ಅದೇ ಪರವಾನಗಿಯಲ್ಲಿ ಯಾರು ಬೇಕಾದರೂ, ಲಾಭಕ್ಕಾಗಿಯೂ, ಮರುಬಳಸಬಹುದು. ಹಾಗಾಗಿ ಪತ್ರಿಕೆಯ ಬರಹವನ್ನೋ ಪುಸ್ತಕದ ಪುಟವನ್ನೋ ನಕಲು ಮಾಡಿ ಹಾಕುವಂತಿಲ್ಲ. ಅಂತರಜಾಲದಲ್ಲಿ ಸಿಕ್ಕ ಭಾವಚಿತ್ರವನ್ನು ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಭಂಡಾರಕ್ಕೆ ಏರಿಸುವಂತಿಲ್ಲ. ಚಿತ್ರ ತೆಗೆದವರೇ ಬಿಟ್ಟುಕೊಡಬೇಕು. ಕನ್ನಡದ ಎಷ್ಟೋ ಸಾಹಿತಿಗಳ, ಕಲಾವಿದರ ಪುಟಗಳಲ್ಲಿ ಚಿತ್ರವಿಲ್ಲದಿರುವುದಕ್ಕೆ ಸಂಪಾದಕರ ಅಸಡ್ಡೆಗಿಂತ ಹೆಚ್ಚಾಗಿ ಇದೇ ಕಾರಣ.

ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಒಳಪಡಿಸಿದ್ದು ಈ ದೃಷ್ಟಿಯಿಂದ ದೊಡ್ಡ ಕೊಡುಗೆ. ಅದರ ಬರಹಗಳನ್ನು ವಿಕಿಪೀಡಿಯದ ಸೋದರ ಗ್ರಂಥಭಂಡಾರವಾದ ಕನ್ನಡ ವಿಕಿಸೋರ್ಸ್‌ಗೆ ಸೇರಿಸುವ ಕೆಲಸ ನಡೆಯಿತು. ಅನೇಕವು ವಿಕಿಪೀಡಿಯದ ಲೇಖನಗಳಿಗೆ ಅಡಿಪಾಯವಾದವು. ಕನ್ನಡದ ಒಳ್ಳೆಯ ವಿವರಣಾತ್ಮಕ ಗದ್ಯ ಹೇಗಿರಬೇಕೆಂಬುದಕ್ಕೆ ಅವು ಇಂದಿಗೂ ಮಾದರಿ. ಆದರೆ ಆ ಕೋಶದ ಮೊದಲ ಸಂಪುಟ ಹೊರಬಂದಾಗ ನಾಡಿನ ಹೆಸರು ಮೈಸೂರು ರಾಜ್ಯ. ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಹಳೆಯ ಅಂಕಿಅಂಶ, ಆಮೇಲೆ ವಿಭಜನೆಯಾದ ಜಿಲ್ಲೆಗಳು, ಈಗ ಇಲ್ಲದ ದೇಶಗಳು ಹಾಗೇ ಉಳಿದ ಪುಟಗಳನ್ನು ಹುಡುಕಿ ಹೊಸದಾಗಿಸುವುದು ಇನ್ನೂ ಮುಗಿಯದ ಕೆಲಸ.

ಕನ್ನಡ ವಿಕಿಪೀಡಿಯದ ಅನುಭವ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ. ಕನ್ನಡ ವಿಕಿಪೀಡಿಯದ ಲೇಖನಗಳು 30,000 ದಾಟಿವೆ. ಅದನ್ನು ತಿಂಗಳು ತಿಂಗಳೂ ತಪ್ಪದೆ ನೋಡಿಕೊಳ್ಳುವವರು ಮಾತ್ರ ಒಂದು ಸಣ್ಣ ಸಭಾಂಗಣದಲ್ಲಿ ಹಿಡಿಸುವಷ್ಟು ಜನ. ಈ ಅನುಪಾತವೇ ಕನ್ನಡ ವಿಕಿಪೀಡಿಯದ ಹೆಚ್ಚಿನ ಸಮಸ್ಯೆಗಳ ಬೇರು. ಲೇಖನಗಳ ಎಣಿಕೆಯನ್ನೇ ಪ್ರಗತಿಯ ಅಳತೆಗೋಲಾಗಿ ಹಿಡಿದದ್ದು ಅದನ್ನು ಇನ್ನಷ್ಟು ಹದಗೆಡಿಸಿತು.

2009ರ ಸುಮಾರಿಗೆ ಗೂಗಲ್ ಸಂಸ್ಥೆ ಭಾರತೀಯ ಭಾಷೆಗಳಲ್ಲಿ ಕೈಗೊಂಡ ಅನುವಾದ ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. ಜನ ಹೆಚ್ಚಾಗಿ ಹುಡುಕುವ ವಿಷಯಗಳನ್ನು ಆರಿಸಿ, ಸಂಭಾವನೆ ಪಡೆದ ಅನುವಾದಕರ ಕೈಯಲ್ಲಿ ಇಂಗ್ಲಿಷ್ ಲೇಖನಗಳನ್ನು ಯಂತ್ರದ ನೆರವಿನಿಂದ ಕನ್ನಡ, ತಮಿಳು, ತೆಲುಗು, ಬಂಗಾಳಿ ಮೊದಲಾದ ಭಾಷೆಗಳಿಗೆ ತರಿಸಲಾಯಿತು. ಬಂಗಾಳಿ ಸಮುದಾಯ ಗುಣಮಟ್ಟದ ಕಾರಣಕ್ಕೆ ಇವನ್ನು ಒಪ್ಪಲಿಲ್ಲ. ತಮಿಳರು ಷರತ್ತು ಹಾಕಿ ಪಳಗಿಸಲು ನೋಡಿದರು. ಕನ್ನಡದಲ್ಲಿ ಇವು ದೊಡ್ಡ ಪ್ರಮಾಣದಲ್ಲಿ ಬಂದು ನಿಂತವು. ಕನ್ನಡದ ಹಿರಿಯ ಲೇಖಕರ ಬಗ್ಗೆ ನಾಲ್ಕು ಸಾಲಿನ ಚುಟುಕು ಲೇಖನವಿದ್ದ ಕಾಲದಲ್ಲಿ ಹಾಲಿವುಡ್ ನಟರ ಬಗ್ಗೆ ಉದ್ದುದ್ದ ಪುಟಗಳು ಸಿದ್ಧವಾದವು. ಅವುಗಳ ತುಂಬ ‘ಮಾಡಲ್ಪಟ್ಟಿತು’, ‘ಕರೆಯಲ್ಪಡುತ್ತದೆ’ಗಳು, ಮುಗಿಯದ ಸಂಯುಕ್ತ ವಾಕ್ಯಗಳು. ಅನುವಾದಕರು ಕೆಲಸ ಮುಗಿಸಿ ಹೋದರು. ತಿದ್ದುವ ಹೊರೆ ಬಿದ್ದದ್ದು ಸ್ವಯಂಸೇವಕರ ಮೇಲೆ, ಮತ್ತು ಇಂಥ ಗದ್ಯವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸಲೀಸು ಎಂದು ಬಲ್ಲವರಿಗೆ ಗೊತ್ತು. 2015ರ ನಂತರ ವಿಕಿಪೀಡಿಯದ್ದೇ ಅನುವಾದ ಸಾಧನ ಬಂದು ಕೆಲಸ ಹಗುರವಾಯಿತು. ಯಂತ್ರ ಕೊಟ್ಟದ್ದನ್ನು ಓದದೆಯೇ ಪ್ರಕಟಿಸುವ ಚಪಲವೂ ಜೊತೆಗೇ ಬಂತು. ಈಚಿನ ಕೃತಕ ಬುದ್ಧಿಮತ್ತೆಯ ಬರಹಗಳಲ್ಲಿ ಇಲ್ಲದ ಪುಸ್ತಕಗಳ ಉಲ್ಲೇಖವೂ ಕಾಣಿಸಿಕೊಳ್ಳುವುದರಿಂದ ಪರಿಶೀಲನೆಯ ಹೊರೆ ಇನ್ನೂ ಏರಿದೆ.

ಕೆಲವೇ ಜನರ ಮೇಲೆ ನಿಂತ ವಿಕಿಗೆ ಏನಾಗಬಹುದು ಎಂಬುದನ್ನು ಸ್ಕಾಟ್ಸ್ ಭಾಷೆಯ ವಿಕಿಪೀಡಿಯ ತೋರಿಸಿಕೊಟ್ಟಿತು. ಅದರ ಸಾವಿರಾರು ಲೇಖನಗಳನ್ನು ಆ ಭಾಷೆ ಬಾರದ ಅಮೆರಿಕದ ಹುಡುಗನೊಬ್ಬ ವರ್ಷಗಟ್ಟಲೆ, ಕೆಟ್ಟ ಉದ್ದೇಶವೇನೂ ಇಲ್ಲದೆ, ಬರೆದಿದ್ದನೆಂಬುದು 2020ರಲ್ಲಿ ಬೆಳಕಿಗೆ ಬಂತು. ಓದಿ ಪ್ರಶ್ನಿಸುವವರು ಅಷ್ಟು ವರ್ಷ ಸಾಕಷ್ಟು ಇರಲಿಲ್ಲ.

ಹೊಸ ಸಂಪಾದಕರನ್ನು ತರಲು ಹಲವು ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ 2012ರಿಂದ ಭಾರತೀಯ ಭಾಷೆಗಳ ವಿಕಿಗಳಿಗೆ ಬೆಂಬಲವಾಗಿ ಕಾರ್ಯಕ್ರಮ ನಡೆಸಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ವಿದ್ಯಾರ್ಥಿಗಳು ಪಠ್ಯದ ಅಂಗವಾಗಿ ಲೇಖನ ಬರೆದರು. ಕರಾವಳಿಯ ಕಾಲೇಜುಗಳಲ್ಲಿ ವಿಕಿ ವಿದ್ಯಾರ್ಥಿ ಸಂಘಗಳು ಹುಟ್ಟಿದವು. ಒಂದು ದಿನ ಒಂದೆಡೆ ಸೇರಿ ಬರೆಯುವ ‘ಸಂಪಾದನೋತ್ಸವ’ಗಳು ಊರೂರಲ್ಲಿ ನಡೆದವು. ಫಲ ಮಿಶ್ರ. ಅಂಕಕ್ಕಾಗಿ ಬರೆಸಿದ ಲೇಖನಗಳಿಂದ ಎಣಿಕೆ ದಿಢೀರನೆ ಏರುತ್ತದೆ, ಪರೀಕ್ಷೆ ಮುಗಿದೊಡನೆ ಬರೆದವರು ಮರೆಯಾಗುತ್ತಾರೆ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕಾಗಿ ನಡೆಸಿದ ಇಂಥದೇ ಪ್ರಯೋಗ ನಕಲು ಬರಹಗಳ ಪ್ರವಾಹದಿಂದ ನಿಂತುಹೋಗಿತ್ತು. ನೂರು ಜನಕ್ಕೆ ತರಬೇತಿ ಕೊಟ್ಟರೆ ಉಳಿದುಕೊಳ್ಳುವವರು ಬೆರಳೆಣಿಕೆಯವರು. ಆದರೆ ಅವರೇ ಮುಂದಿನ ವರ್ಷಗಳ ಆಧಾರವಾಗುವುದರಿಂದ ಪ್ರಯತ್ನ ವ್ಯರ್ಥವೆನ್ನುವಂತಿಲ್ಲ.

ತುಳು ವಿಕಿಪೀಡಿಯ ಇದಕ್ಕೆ ಸಾಕ್ಷಿ. ವರ್ಷಗಟ್ಟಲೆ ಪ್ರಾಯೋಗಿಕ ತಾಣದಲ್ಲಿ ಮೊಳೆಯುತ್ತಿದ್ದ ಅದನ್ನು ಕರಾವಳಿಯ ಸಂಪಾದಕರು ಹಠ ಹಿಡಿದು ಬೆಳೆಸಿದರು. ಅದು 2016ರ ಆಗಸ್ಟ್‌ನಲ್ಲಿ ಭಾರತೀಯ ಭಾಷೆಗಳ 23ನೆಯ ವಿಕಿಪೀಡಿಯವಾಗಿ ಹೊರಬಂತು, ಕನ್ನಡ ಲಿಪಿಯಲ್ಲೇ. ಅದರ ಹಿಂದಿನ ವರ್ಷ ಬಂದ ಕೊಂಕಣಿ ವಿಕಿಪೀಡಿಯದಲ್ಲಿ ದೇವನಾಗರಿ, ರೋಮನ್ ಲಿಪಿಗಳ ಜೊತೆ ಕನ್ನಡ ಲಿಪಿಯ ಲೇಖನಗಳೂ ಇವೆ.

ಯಾರು ಬರೆಯುತ್ತಾರೆ, ಏನು ಬಿಟ್ಟುಹೋಗುತ್ತದೆ

ಸಂಪಾದಕರಲ್ಲಿ ಪುರುಷರೇ ಬಹುಪಾಲು. ವಿಕಿಮೀಡಿಯ ಫೌಂಡೇಶನ್ನಿನ 2011ರ ಸಮೀಕ್ಷೆಯಲ್ಲಿ ಮಹಿಳೆಯರ ಪ್ರಮಾಣ ಶೇ. 9ರಷ್ಟಿತ್ತು. ಇದರ ನೆರಳು ವಿಷಯಗಳ ಆಯ್ಕೆಯ ಮೇಲೂ ಬೀಳುತ್ತದೆ. 2018ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರ ಬಗ್ಗೆ ಪ್ರಶಸ್ತಿ ಘೋಷಣೆಯಾದ ದಿನದವರೆಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನವೇ ಇರಲಿಲ್ಲ. ಅದೇ ವರ್ಷ ಯಾರೋ ಬರೆದಿದ್ದ ಕರಡು, ಸಾಕಷ್ಟು ಆಧಾರವಿಲ್ಲವೆಂದು ತಿರಸ್ಕೃತವಾಗಿತ್ತು. ಇಂಥ ಕೊರತೆ ನೀಗಲು 2015ರಲ್ಲಿ ‘ವಿಮೆನ್ ಇನ್ ರೆಡ್’ ಎಂಬ ಸ್ವಯಂಸೇವಕರ ಗುಂಪು ಹುಟ್ಟಿತು. ಕರ್ನಾಟಕದಲ್ಲಿ ಮಹಿಳಾ ದಿನದ ಸುಮಾರಿಗೆ ನಡೆಯುವ ಸಂಪಾದನೋತ್ಸವಗಳ ಉದ್ದೇಶವೂ ಇದೇ.

ಆಧಾರದ ನಿಯಮವೇ ಕೆಲವು ಜ್ಞಾನವನ್ನು ಹೊರಗಿಡುತ್ತದೆ. ಅಚ್ಚಿನಲ್ಲಿ ಬಂದದ್ದಷ್ಟೇ ಆಧಾರವೆಂದರೆ ಬಾಯಿಂದ ಬಾಯಿಗೆ ಬಂದ ಪಾಡ್ದನವೆಂಬ ತುಳು ಹಾಡುಗತೆ, ಮನೆಮದ್ದು, ಆಟ, ಅಡುಗೆ, ದೈವದ ಕಟ್ಟಳೆಗಳಿಗೆ ಉಲ್ಲೇಖ ಎಲ್ಲಿಂದ ತರುವುದು? 2011ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಹಿರಿಯರ ಮಾತನ್ನು ಧ್ವನಿಮುದ್ರಿಸಿ ಅದನ್ನೇ ಆಧಾರವಾಗಿ ಕೊಡುವ ಪ್ರಯೋಗ ನಡೆಯಿತು. ದೊಡ್ಡ ವಿಕಿಗಳು ಅದನ್ನು ನಿಯಮವಾಗಿ ಸ್ವೀಕರಿಸಲಿಲ್ಲ. ಕನ್ನಡ, ತುಳುಗಳಲ್ಲಿ ಜಾನಪದ ಅಧ್ಯಯನದ ಪುಸ್ತಕಗಳು ಸಾಕಷ್ಟಿರುವುದರಿಂದ ಈ ಕಷ್ಟ ಸ್ವಲ್ಪ ಕಡಿಮೆ. ಆದರೆ ಆ ಪುಸ್ತಕಗಳು ಗ್ರಂಥಾಲಯದಲ್ಲಿವೆ, ಸಂಪಾದಕರು ಪರದೆಯ ಮುಂದಿದ್ದಾರೆ. ಅಂತರಜಾಲದಲ್ಲಿ ಸಿಗುವ ಸುದ್ದಿಯನ್ನಷ್ಟೇ ನೆಚ್ಚಿ ಬರೆದ ಲೇಖನಗಳು ತೆಳ್ಳಗಿರುವುದು ಸಹಜ.

ಹೊಣೆ ಮತ್ತು ಅಪಾಯ

ಬಹುತೇಕ ಸಂಪಾದಕರು ಸ್ವಂತ ಹೆಸರಿನ ಬದಲು ಬಳಕೆದಾರ ಹೆಸರಿನಲ್ಲಿ ಬರೆಯುತ್ತಾರೆ. ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಬರೆದದ್ದಕ್ಕೆ ಕಾನೂನಿನ ಹೊಣೆ ಮಾತ್ರ ಬರೆದವರದೇ. ಮಾನಹಾನಿ, ಹಕ್ಕುಸ್ವಾಮ್ಯ, ಖಾಸಗಿತನದ ಪ್ರಶ್ನೆಗಳು ಸ್ವಯಂಸೇವಕರೆಂಬ ಕಾರಣಕ್ಕೆ ದೂರವಾಗುವುದಿಲ್ಲ. ಜಾತಿ, ರಾಜಕೀಯ, ಗಡಿ, ನದಿನೀರಿನಂಥ ವಿಷಯಗಳಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತ ಹೋಗುವ ‘ಸಂಪಾದನಾ ಸಮರ’ಗಳೂ ನಡೆಯುತ್ತವೆ. ಇದನ್ನು ತಡೆಯಲು ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬರು ಒಂದೇ ಪುಟವನ್ನು 24 ಗಂಟೆಗಳಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಹಿಂದಿರುಗಿಸಬಾರದೆಂಬ ನಿಯಮವಿದೆ.

ಸಂಪಾದಕರ ಗುರುತು ಮತ್ತು ಹೊಣೆಯ ಪ್ರಶ್ನೆ 2024ರಲ್ಲಿ ಭಾರತದ ನ್ಯಾಯಾಲಯದ ಮುಂದೆ ಬಂತು. ತನ್ನ ಕುರಿತ ಇಂಗ್ಲಿಷ್ ಲೇಖನ ಮಾನಹಾನಿಕರವೆಂದು ಎಎನ್‌ಐ ಸುದ್ದಿಸಂಸ್ಥೆ ಆ ವರ್ಷದ ಜುಲೈನಲ್ಲಿ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು. ಸಂಬಂಧಪಟ್ಟ ಸಂಪಾದಕರ ವಿವರಗಳನ್ನು ಒಪ್ಪಿಸುವಂತೆ ನ್ಯಾಯಾಲಯ ವಿಕಿಮೀಡಿಯ ಫೌಂಡೇಶನ್ನಿಗೆ ಸೂಚಿಸಿತು. ಈ ದಾವೆಯ ಬಗ್ಗೆಯೇ ಸಂಪಾದಕರು ಬರೆದ ಲೇಖನವನ್ನು ತೆಗೆಯಬೇಕೆಂದು ಅಕ್ಟೋಬರಿನಲ್ಲಿ ಆದೇಶವಾಯಿತು. ಫೌಂಡೇಶನ್ ಆ ಪುಟವನ್ನು ಮುಚ್ಚಿತು. 2025ರ ಮೇ 9ರಂದು ಸುಪ್ರೀಂ ಕೋರ್ಟ್, ನ್ಯಾಯಾಲಯಗಳು ಸಾರ್ವಜನಿಕ ಚರ್ಚೆಗೆ ತೆರೆದಿರಬೇಕೆಂದು ಹೇಳಿ, ಪುಟ ತೆಗೆಯುವ ಆದೇಶವನ್ನು ರದ್ದುಪಡಿಸಿತು.